ಲಿಫ್ಟ್ ಗುಂಡಿಗೆ ಒಂದು ವಾರದ ಗಡುವು

ನಾನು ಬರೆದುಕೊಟ್ಟಿದ್ದ ಕರಡಿನಲ್ಲಿ ‘ಒಂದು ದಿನದೊಳಗೆ’ ಎಂದಿತ್ತು. ವಾರ್ಡ್ ಸಮಿತಿಯ ಸಭೆ ಮುಗಿದು ಟೀ ಬರುವ ಹೊತ್ತಿಗೆ ಅದು ‘ಒಂದು ವಾರದೊಳಗೆ’ ಎಂದಾಗಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಅದೊಂದು ಬದಲಾವಣೆ ಅಂತಲೇ ಅನ್ನಿಸಲಿಲ್ಲ.

ಯಲಹಂಕದ ಆಚೆಗಿನ ಒಂದು ವಾರ್ಡಿನಲ್ಲಿ ನಾನು ಆರೋಗ್ಯ ನಿರೀಕ್ಷಕ. ಪಿಯುಸಿ ಆದ ಮೇಲೆ ಇದಕ್ಕೆಂದೇ ಇರುವ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದವನು. ಮಳೆಗಾಲ ಬಂತೆಂದರೆ ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆಯ ಮರಿ ಹುಡುಕುವುದು ನನ್ನ ಕೆಲಸ. ಆ ಮರಿಗೆ ನಾವು ಲಾರ್ವಾ ಅನ್ನುತ್ತೇವೆ. ಬೀದಿಯ ಜನ ನನಗೆ ಲಾರ್ವಾ ಸಾರ್ ಎಂದೇ ಹೆಸರಿಟ್ಟಿದ್ದಾರೆ. ಹೋದ ಮಳೆಗಾಲದಲ್ಲಿ ನನ್ನ ಹೆಂಡತಿ ಡೆಂಗ್ಯೂ ಬಂದು ತೀರಿಕೊಂಡಳು. ‘ಊರಿನ ಡ್ರಮ್ಮೆಲ್ಲ ಬೋರಲು ಹಾಕ್ಸಿದ್ರು, ಅವರ ಮನೇಲೇ ಹಿಂಗಾಯ್ತಲ್ಲ’ ಎಂದು ಹಾಲಿನ ಬೂತಿನ ಹತ್ತಿರ ಯಾರೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ನಮ್ಮ ಮನೆಯಲ್ಲಿ ಡ್ರಮ್ ಇರಲಿಲ್ಲ. ಮನೆಯ ಹಿಂದೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು, ಅದರ ನೆಲಮಾಳಿಗೆಯಲ್ಲಿ ನೀರು ನಿಂತಿತ್ತು. ಅವಳನ್ನು ಕಚ್ಚಿದ ಸೊಳ್ಳೆ ಅಲ್ಲಿಯದೇ ಎಂದು ನಾನು ಹೇಳಲಾರೆ. ಯಾರೂ ಹೇಳಲಾರರು.

ಈ ವರ್ಷ ಮಳೆ ಹಿಡಿಯುವ ಮೊದಲು ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಮ್ಮ ನನ್ನನ್ನು ಕರೆದರು. ಪ್ರತಿ ವಾರ್ಡೂ ತನ್ನ ಮಳೆಗಾಲದ ಆರೋಗ್ಯ ಯೋಜನೆಯನ್ನು ಸಮಿತಿಯ ಮುಂದಿಟ್ಟು, ಒಪ್ಪಿಗೆ ಪಡೆದು, ವಲಯ ಕಚೇರಿಗೆ ಕಳಿಸಬೇಕಿತ್ತು.

“ಬಿಲ್ಡಿಂಗ್ ಸೈಟುಗಳ ಭಾಗ ನೀವೇ ಬರೀರಿ. ನನಗಿಂತ ಜಾಸ್ತಿ ಗುಂಡಿ ನೋಡಿರೋರು ನೀವು,” ಎಂದರು. ಸ್ವಲ್ಪ ತಡೆದು, “ಈಗ ಬೇಡ ಅನ್ಸಿದ್ರೆ ಬೇರೆಯವರಿಗೆ ಹೇಳ್ತೀನಿ,” ಎಂದರು.

“ಬರೀತೀನಿ ಮೇಡಂ.”

ಮನೆಯಲ್ಲಿ ಉಳಿದವರು ನಾನು, ನನ್ನ ಮಗಳು ಇಬ್ಬರೇ. ಸುಮ್ಮನೆ ಕೂತರೆ ಅವಳ ಹೊಲಿಗೆ ಮಿಷನ್ನೇ ಕಣ್ಣಿಗೆ ಬೀಳುತ್ತಿತ್ತು. ಬರೆಯುವ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಕಟ್ಟಡ ಏಳುವ ಜಾಗದಲ್ಲಿ ನೀರು ಬೇಕಾದಷ್ಟು ಕಡೆ ನಿಲ್ಲುತ್ತದೆ. ಹೊಸದಾಗಿ ಹಾಕಿದ ಮೋಲ್ಡಿನ ಮೇಲೆ, ಕಾಂಕ್ರೀಟ್ ಗಟ್ಟಿಯಾಗಲೆಂದು, ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ. ಅದಾದರೂ ಬಿಸಿಲಿಗೆ ಆರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಲಿಫ್ಟಿಗೆಂದು ನೆಲಮಾಳಿಗೆಯಲ್ಲಿ ತೆಗೆದಿಟ್ಟ ಗುಂಡಿ. ಮಹಡಿಗಳೆಲ್ಲ ಎದ್ದ ಮೇಲೆ ಲಿಫ್ಟ್ ಕೂರಿಸುತ್ತಾರೆ, ಅಲ್ಲಿಯವರೆಗೆ ತಿಂಗಳುಗಟ್ಟಲೆ ಅದೊಂದು ತೆರೆದ ತೊಟ್ಟಿ. ಬಿಸಿಲು ಬೀಳದು, ಗಾಳಿಯಾಡದು, ಯಾರೂ ಇಣುಕುವುದಿಲ್ಲ. ನೋಡುವುದಕ್ಕೂ ಒಂದು ಕ್ರಮವಿದೆ. ನಮ್ಮ ನೆರಳು ನೀರಿನ ಮೇಲೆ ಬೀಳಬಾರದು, ಬಿದ್ದರೆ ಮರಿಗಳೆಲ್ಲ ತಳಕ್ಕೆ ಇಳಿದುಬಿಡುತ್ತವೆ. ಉದ್ದ ಹಿಡಿಯ ಬಿಳಿ ಸೌಟನ್ನು ಅಂಚಿನಲ್ಲಿ ಓರೆಯಾಗಿ ಇಳಿಸಿ, ನೀರು ತಾನಾಗಿ ಒಳಗೆ ಹರಿಯಲು ಬಿಡಬೇಕು. ಎತ್ತಿದ ಮೇಲೆ ಅಲುಗಾಡಿಸದೆ ಕಾಯಬೇಕು. ತಲೆ ಕೆಳಗಾಗಿ ನೇತಾಡುವ ಕೂದಲೆಳೆಯಂಥವು ಲಾರ್ವಾ. ಬೆನ್ನು ಬಾಗಿಸಿ ಉರುಳಾಡುವಂಥವು ಅದರ ಮುಂದಿನ ಹಂತವಾದ ಪ್ಯೂಪಾ, ನಾವು ಗೂಡು ಸೇರಿದ ಮರಿ ಅನ್ನುವುದು. ನಮ್ಮ ಔಷಧಿ ಲಾರ್ವಾವನ್ನು ಕೊಲ್ಲುತ್ತದೆ. ಗೂಡು ಸೇರಿದ್ದು ಏನನ್ನೂ ತಿನ್ನದ ಕಾರಣ ಔಷಧಿ ಅದಕ್ಕೆ ನಾಟುವುದಿಲ್ಲ, ಒಂದೆರಡು ದಿನದಲ್ಲಿ ರೆಕ್ಕೆ ಬಲಿತು ಹಾರಿಹೋಗುತ್ತದೆ. ನಮ್ಮ ಕಡೆಯ ಹವೆಯಲ್ಲಿ ಮರಿ ಹಾರುವ ಸೊಳ್ಳೆಯಾಗಲು ಹೆಚ್ಚೆಂದರೆ ಒಂದು ವಾರ ಸಾಕು.

ಹಾಗಾಗಿ ನಾನು ಬರೆದದ್ದು ಇಷ್ಟು: ಲಾರ್ವಾ ಕಂಡ ಕಡೆ ಒಂದು ದಿನದೊಳಗೆ ನೀರು ಹೊರಹಾಕಬೇಕು. ಹಾಕದಿದ್ದರೆ, ಹಾಕುವವರೆಗೆ ಕಟ್ಟಡದ ಕೆಲಸ ನಿಲ್ಲಿಸಬೇಕು. ಡಾಕ್ಟರಮ್ಮ ಓದಿ ಒಂದಕ್ಷರ ತಿದ್ದದೆ ಸಹಿ ಹಾಕಿದರು.

ಪಾಲಿಕೆ ಚುನಾವಣೆ ಇಂದು ನಾಳೆ ಎನ್ನುತ್ತಿದ್ದ ಕಾಲ. ಸಮಿತಿಯಲ್ಲಿ ಮಾತು ನಡೆಯುತ್ತಿದ್ದದ್ದು ಟಿಕೆಟ್ಟಿನ ನಿರೀಕ್ಷೆಯಲ್ಲಿದ್ದ ಒಬ್ಬ ಮುಖಂಡರದು. ಯಾವ ಪಕ್ಷ ಎಂಬುದು ಇಲ್ಲಿ ಬೇಡ. ಅವರ ಪಕ್ಕದಲ್ಲಿ ಕೂತಿದ್ದವರು ನಮ್ಮ ಮನೆಯ ಹಿಂದಿನ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿರುವ ಬಿಲ್ಡರ್. ಅವರ ತಂದೆಯ ಕಾಲಕ್ಕೆ ಅಲ್ಲಿ ದ್ರಾಕ್ಷಿ ತೋಟವಿತ್ತು. ಊರಿಗೆಲ್ಲ ಅವರು ‘ಅಣ್ಣ’.

ಅಣ್ಣ ಎದ್ದು ಎಲ್ಲರಿಗೂ ಕೈಮುಗಿದರು. “ನೀರು ತೆಗೆಯಲ್ಲ ಅಂತ ನಾವ್ ಹೇಳ್ತಿಲ್ಲ. ಒಂದಿನ ಅಂದ್ರೆ ಹೆಂಗೆ ಸಾರ್? ಪಂಪು ಸಿಗ್ಬೇಕು, ಆಪರೇಟರ್ ಬರ್ಬೇಕು, ಮಧ್ಯೆ ಭಾನುವಾರ ಬಂತು ಅಂದ್ರೆ ಯಾವನೂ ಫೋನೇ ಎತ್ತಲ್ಲ. ಒಂದು ವಾರ ಟೈಮ್ ಕೊಡಿ. ಕೇಳ್ತಿರೋದು ಅಷ್ಟೇ.”

“ನ್ಯಾಯವಾಗೇ ಇದೆಯಲ್ಲ,” ಎಂದರು ಮುಖಂಡರು.

ನಾನು ಎದ್ದುನಿಂತೆ. “ಸಾರ್, ಒಂದು ವಾರದಲ್ಲಿ ಅದು ಹಾರೋಗಿರುತ್ತೆ.”

“ಯಾವ್ದು?”

“ಸೊಳ್ಳೆ ಸಾರ್. ನೋಟಿಸ್ ಟೈಮ್ ಮುಗಿಯೋ ಹೊತ್ಗೆ ಗುಂಡೀಲಿ ಏನೂ ಉಳಿದಿರಲ್ಲ. ಎಲ್ಲ ಮನೆ ಸೇರ್ಕೊಂಡಿರ್ತವೆ.”

“ನಿಮ್ ನೋಟಿಸ್ ನೋಡಿ ಹೆದ್ರಿ ಓಡೋಗಿರ್ತವೆ ಬಿಡಿ ಗುರು,” ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಹಾಲ್ ತುಂಬ ನಗು. ಆ ನಗು ಅಡಗುವ ಮೊದಲೇ ಮುಖಂಡರು ತಮ್ಮ ಸುದ್ದಿ ಹೇಳಿದರು. ಬಿಲ್ಡರುಗಳೆಲ್ಲ ಸೇರಿ ವಾರ್ಡಿಗೆ ಹೊಗೆ ಹಾಕುವ ಹೊಸ ಮಿಷನ್ನುಗಳನ್ನು ಕೊಡುತ್ತಾರೆ, ಇನ್ನು ಪ್ರತಿ ಬೀದಿಗೂ ವಾರಕ್ಕೊಮ್ಮೆ ಹೊಗೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆಯೇ ಕರಡಿನಲ್ಲಿ ದಿನ ಹೋಗಿ ವಾರ ಬಂತು. ತಮ್ಮ ಅಭಿಪ್ರಾಯ ಬೇರೆ ಇದೆ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಕೊನೆಯ ತೀರ್ಮಾನವನ್ನು ಮುಂದಿನ ತಿಂಗಳ ಸಭೆಗೆ ಬಿಟ್ಟರು. ಅಲ್ಲಿಯವರೆಗೆ ನಾವು ಒಂದು ವಾರದ ನಿಯಮದಂತೆಯೇ ನಡೆಯಬೇಕಾಯಿತು.

ಟೀ ಕುಡಿಯುವಾಗ ಮುಖಂಡರು ನನ್ನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದರು. ಒರಟಾಗಿ ಮಾತಾಡುವ ಮನುಷ್ಯರಲ್ಲ.

“ನೀವ್ ಹೇಳಿದ್ದು ಸರಿನೇ ಕಣ್ರೀ. ಹೊಗೇಲಿ ಮರಿ ಸಾಯಲ್ಲ ಅಂತ ನಂಗೂ ಗೊತ್ತು. ನನ್ ಕಷ್ಟಾನೂ ಸ್ವಲ್ಪ ನೋಡಿ. ಎಲೆಕ್ಷನ್ ಬಂತು ಅಂದ್ರೆ ಗಾಡಿ, ಹುಡುಗ್ರು, ಊಟ, ಫ್ಲೆಕ್ಸು. ಬರೀ ಕೈಯಲ್ಲಿ ಆಗುತ್ತಾ? ಪಾರ್ಟಿ ಫಂಡಿಗೆ ಕೊಡೋರು ಇವ್ರೇ. ಕೊಟ್ಟು ಇವ್ರು ಕೇಳ್ತಿರೋದೇನು? ಒಂದ್ ನಾಲ್ಕು ದಿನ ಜಾಸ್ತಿ. ಅಷ್ಟೂ ಆಗಲ್ಲ ಅಂತ ಯಾವ್ ಬಾಯಲ್ಲಿ ಹೇಳ್ಲಿ?”

ಅಷ್ಟರಲ್ಲಿ ಅಣ್ಣನೂ ಟೀ ಲೋಟ ಹಿಡಿದು ಹತ್ತಿರ ಬಂದರು. “ಬೇಜಾರ್ ಮಾಡ್ಕೋಬೇಡಿ ಸಾರ್. ನಾವೇನ್ ದೂರದವ್ರಾ? ಅಕ್ಕಾವ್ರು ಆಸ್ಪತ್ರೇಲಿದ್ದಾಗ ನಮ್ ಹುಡುಗ್ರೇ ಅಲ್ವಾ ಬಂದು ರಕ್ತ ಕೊಟ್ಟಿದ್ದು.”

ಅದು ನಿಜ. ಅವಳ ಪ್ಲೇಟ್‌ಲೆಟ್ ಇಳಿಯುತ್ತ ಹೋದಾಗ, ಅವಳ ಗುಂಪಿನ ರಕ್ತ ಸಿಗದೆ ನಾನು ಕಂಡಕಂಡವರಿಗೆ ಫೋನ್ ಮಾಡುತ್ತಿದ್ದಾಗ, ಅಣ್ಣನ ಸೈಟಿನ ಕೂಲಿಯವರು ಟೆಂಪೋದಲ್ಲಿ ಬಂದಿಳಿದಿದ್ದರು. ಬ್ಲಡ್ ಬ್ಯಾಂಕಿನವರು ಪರೀಕ್ಷಿಸಿ ಇಬ್ಬರದನ್ನು ತೆಗೆದುಕೊಂಡರು. ಅವಳು ಉಳಿಯಲಿಲ್ಲ. ಆದರೂ ಬಂದ ಉಪಕಾರ ಬಂದದ್ದೇ. ಅದಾದ ಮೇಲೆ ಆ ಸೈಟಿನ ಗೇಟಿನ ಮುಂದೆ ನನ್ನ ದನಿ ತಾನಾಗಿ ಇಳಿಯುತ್ತಿತ್ತು.

ಮಿಷನ್ನುಗಳು ಬಂದವು. ಒಂದೊಂದರ ಮೇಲೂ ಮುಖಂಡರ ನಗುವ ಫೋಟೋ. ಸಂಜೆ ಬೀದಿ ತುಂಬ ಹೊಗೆ ಏಳುತ್ತಿತ್ತು, ಮಕ್ಕಳು ಅದರೊಳಗೆ ಕೂಗುತ್ತ ಓಡಾಡುತ್ತಿದ್ದವು, ದೊಡ್ಡವರು ಬಾಗಿಲಲ್ಲಿ ನಿಂತು ಈ ಸಲ ಪರವಾಗಿಲ್ಲ ಅನ್ನುತ್ತಿದ್ದರು. ನನ್ನ ಜೊತೆ ಮನೆಮನೆಗೆ ಬರುತ್ತಿದ್ದ ಸಮೀಕ್ಷೆಯವರನ್ನೆಲ್ಲ ಮಿಷನ್ ಹೊರುವುದಕ್ಕೆ ಹಾಕಿದರು. ಉಳಿದವರು ನಾನು ಮತ್ತು ನಮ್ಮ ಬೀದಿಗಳ ಆಶಾ ಕಾರ್ಯಕರ್ತೆ. ಆಕೆಗೆ ಬಾಯಿ ಜೋರು.

“ಹೊಗೆ ಹಾಕಿದ್ರೆ ನಮ್ಮನೆ ಸೊಳ್ಳೆ ನಿಮ್ಮನೆಗೆ, ನಿಮ್ಮನೆ ಸೊಳ್ಳೆ ನಮ್ಮನೆಗೆ. ನೆಂಟ್ರು ಬಂದೋದಂಗೆ ಸಾರ್,” ಎಂದು ಮುಖಂಡರ ಹುಡುಗರು ಕೇಳುವಂತೆಯೇ ಹೇಳಿದಳು.

ಸೈಟುಗಳನ್ನು ನಾವಿಬ್ಬರೇ ನೋಡುತ್ತ ಹೋದೆವು. ಅಣ್ಣನ ಸೈಟನ್ನು ಕೊನೆಗೆ ಇಟ್ಟುಕೊಂಡಿದ್ದೆ. ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಸೌಟು ಇಳಿಸಿದೆ. ಎತ್ತಿದಾಗ ಬಿಳಿಯ ತಳದ ತುಂಬ ಮರಿ. ಅವುಗಳ ನಡುವೆ ಬೆನ್ನು ಬಾಗಿಸಿ ಉರುಳುತ್ತಿದ್ದವೂ ಇದ್ದವು. ಔಷಧಿ ಹಾಕಿದೆ. ಗೂಡು ಸೇರಿದವಕ್ಕೆ ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೇ ಹಾಕಿದೆ. ಮೇಸ್ತ್ರಿಗೆ ನೋಟಿಸ್ ಕೊಟ್ಟೆ.

“ಒಂದು ವಾರ ಐತಲ್ಲ ಸಾರ್? ಕೊಡಿ, ಗೋಡೆಗೆ ಅಂಟಿಸ್ತೀನಿ,” ಎಂದ. ಅಂಟಿಸಿದ ಕೂಡ.

ಅವಳ ವರ್ಷದ ತಿಥಿ ಬಂದದ್ದು ಆ ವಾರದೊಳಗೆ. ಚಿಕ್ಕಬಾಣಾವರದಿಂದ ನಮ್ಮಕ್ಕ ಬಂದಳು. ಯಾರುಯಾರನ್ನು ಕರೆದಿದ್ದೀಯ ಎಂದು ಕೇಳಿದಳು. ನಾನು ಹೇಳುತ್ತ ಹೋದೆ. ಮುಗಿದ ಮೇಲೆ, “ಅಷ್ಟೇನಾ?” ಎಂದಳು.

“ಅಷ್ಟೇ ಅಕ್ಕ.”

“ಇಂಗಾ ಮಾಡೋದು? ಚಟ್ಟಕ್ಕೆ ಎಗಲು ಕೊಟ್ಟೋರ್ಗೆ ಮೊದ್ಲು ಎಲೆ ಆಕ್ತಾರೆ ಕಣೋ ನಮ್ಮಲ್ಲಿ. ರಕ್ತ ಕೊಟ್ಟೋರು ಅದ್ಕಿಂತ ಎಚ್ಚಲ್ವಾ? ಅವ್ರುನ್ನ ಬುಟ್ಟು ಎಂಗ್ಲಾ ಎಡೆ ಇಕ್ತೀಯ?”

ಕೂಲಿಯವರು ಕೆಲಸ ಬಿಟ್ಟು ಮಧ್ಯಾಹ್ನ ನಮ್ಮ ಮನೆಗೆ ಬರುವಂತಿರಲಿಲ್ಲ. ಅವಳ ಫೋಟೋದ ಮುಂದೆ ಎಡೆ ಇಟ್ಟು, ಉಳಿದವರ ಎಲೆ ಹಾಕುವ ಮೊದಲೇ ನಾನೂ ಮಗಳೂ ಪಾತ್ರೆಗಳನ್ನು ಎತ್ತಿಕೊಂಡು ಹಿಂದಿನ ಸೈಟಿಗೆ ನಡೆದೆವು. ಮುದ್ದೆ, ಅವಳಿಗೆ ಇಷ್ಟವಾಗಿದ್ದ ಮಸ್ಸೊಪ್ಪು, ಅನ್ನ, ವಡೆ, ಪಾಯಸ. ಅವರ ತಗಡಿನ ಶೆಡ್ಡುಗಳು ನೆಲಮಾಳಿಗೆಗೆ ಇಳಿಯುವ ದಾರಿಯ ಪಕ್ಕದಲ್ಲೇ ಇದ್ದವು. ಕೊಪ್ಪಳದ ಕಡೆಯ ಗುಂಪು. ಅವರಲ್ಲಿ ಹಿರಿಯನೊಬ್ಬ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚುತ್ತ ಎದುರು ಬಂದ.

“ಬರ್ರಿ ಸಾಹೇಬ್ರ. ಇಷ್ಟೆಲ್ಲ ಯಾಕ ತರಾಕ ಹೋದ್ರಿ?”

ಎಲೆ ಹಾಕಿ ಬಡಿಸಿದೆವು. ಮುದ್ದೆಯನ್ನು ಅವನು ಬೆರಳಿನಿಂದ ಒತ್ತಿ ನೋಡಿದ. “ಇದನ್ನ ಅಗಿಬಾರದಂತಲ್ರಿ, ನುಂಗಬೇಕಂತ. ನಮ್ಮ ಗಂಟಲದಾಗ ಸಿಕ್ಕೊಂಡ್ರ ನಿಮ್ಮ ಡಾಕ್ಟರ್‌ನ ಕರಸ್ರಿ ಮತ್ತ.” ಉಳಿದವರು ನಕ್ಕರು, ನನ್ನ ಮಗಳೂ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಹಾಕಿದ ಎಲೆಗಳಲ್ಲಿ ಕೆಲವು ಖಾಲಿ ಉಳಿದವು. ಉಳಿದವರೆಲ್ಲಿ ಎಂದೆ.

“ಮಲಗ್ಯಾರ್ರಿ. ಚಳಿ ಜ್ವರ, ಮೈ ಕೈ ನೋವು. ಮಳಿಗಿ ಬಂದೈತಿ, ಹೋಗ್ತೈತಿ.”

ಬಡಿಸುತ್ತಿದ್ದ ಸೌಟನ್ನು ಮಗಳಿಗೆ ಕೊಟ್ಟು ಶೆಡ್ಡಿನೊಳಗೆ ಹೋದೆ. ಚಾಪೆಯ ಮೇಲೆ ಮೂವರು ಮುಸುಕು ಹಾಕಿ ಮಲಗಿದ್ದರು. ಒಬ್ಬ ನನ್ನ ಹೆಂಡತಿಗೆ ರಕ್ತ ಕೊಟ್ಟವನು. ಕಣ್ಣು ಹೊರಳಿಸಿದರೆ ನೋವಾಗುತ್ತದೆಯೇ ಎಂದು ಕೇಳಿದೆ. ಕಣ್ಣಿನ ಹಿಂದೆ ಯಾರೋ ಒತ್ತಿದಂತಾಗುತ್ತದೆ ಎಂದ. ನನ್ನ ಹೆಂಡತಿಯ ಜ್ವರವೂ ಹಾಗೇ ಶುರುವಾಗಿತ್ತು. ಸೂಜಿಗೆ ದಾರ ಪೋಣಿಸೋಕೆ ಕಣ್ಣು ನೋಯುತ್ತೆ, ನೀವೇ ಪೋಣಿಸಿಕೊಡಿ ಎಂದಿದ್ದಳು.

ಶೆಡ್ಡಿನ ಬಾಗಿಲಲ್ಲಿ ನಿಂತರೆ ಲಿಫ್ಟ್ ಗುಂಡಿ ಕಾಣುತ್ತಿತ್ತು. ಅದರ ಮೇಲಿನ ಗೋಡೆಗೆ ನನ್ನ ನೋಟಿಸ್. ಅದರಲ್ಲಿ ಇನ್ನೂ ದಿನ ಬಾಕಿ ಇದ್ದವು. ಇನ್ನು ಆ ನೀರಿನಿಂದ ಏಳುವ ಸೊಳ್ಳೆಗಳಿಗೆ ಮೊದಲು ಸಿಗುವವರು ಈ ಜ್ವರದವರು. ಇವರನ್ನು ಕಚ್ಚಿ ಆಮೇಲೆ ಅವು ಯಾರನ್ನು ಕಚ್ಚುತ್ತವೆ ಎಂಬುದಕ್ಕೆ ಹೆಚ್ಚು ಯೋಚಿಸಬೇಕಿರಲಿಲ್ಲ. ಮಗಳು ಹೊರಗೆ ಪಾಯಸ ಬಡಿಸುತ್ತಿದ್ದಳು.

ಹಿರಿಯನ ಪಕ್ಕದಲ್ಲಿ ಕೂತೆ. ಹೋದ ವರ್ಷ ಹೇಳಬೇಕಾಗಿದ್ದದ್ದನ್ನು ಹೇಳಿದೆ. ಅಣ್ಣ ನಿಮ್ಮನ್ನು ಕಳಿಸಿದರು, ನೀವು ಬಂದಿರಿ, ಮರೆಯುವುದಿಲ್ಲ ಎಂದೆ. ಅವನು ಹಾಗಲ್ಲ ಎಂದು ತಲೆ ಅಲ್ಲಾಡಿಸಿದ.

“ಅಣ್ಣಾರು ಟೆಂಪೋ ಕೊಟ್ರು, ಖರೆ. ಹಿಂದಿನ ಮನಿ ಅಕ್ಕಾರಿಗೆ ರಕ್ತ ಬೇಕಂತ ಅಂದಾಗ ನಾವಾಗೇ ಹತ್ತಿದ್ವಿ. ನಮ್ಮ ಹರಕ ಅಂಗಿ ಗೋಡಿ ಮ್ಯಾಲಿಂದ ಇಸ್ಕೊಂಡು ಹೊಲದು ಕೊಡ್ತಿದ್ರಲ್ರಿ ಅಕ್ಕಾರು. ರೊಕ್ಕ ಮುಟ್ಟಲಿಲ್ಲ ಒಮ್ಮೆನೂ. ಅವತ್ತಿನ ಹಾಜರಿ ಮೇಸ್ತ್ರಿ ಹಾಕಲಿಲ್ಲ, ಪಗಾರ ಹೋತು, ಇರ್ಲಿ. ಅಣ್ಣಗ ಅದು ಗೊತ್ತಿರಾಕಿಲ್ಲ ಬಿಡ್ರಿ.”

ಅವಳು ಅವರ ಅಂಗಿ ಹೊಲಿಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಹಗಲು ನಾನು ಮನೆಯಲ್ಲಿ ಇರುತ್ತಿರಲಿಲ್ಲ. ಇಷ್ಟು ದಿನ ಯಾರ ಮುಂದೆ ದನಿ ಇಳಿಸುತ್ತಿದ್ದೆನೋ ಅವರಿಗೂ ಆ ರಕ್ತಕ್ಕೂ ನಡುವೆ ಇದ್ದದ್ದು ಒಂದು ಟೆಂಪೋ ಮಾತ್ರ. ಎದ್ದು ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಒಂದೇ ಜಾಗದಲ್ಲಿ ಹಲವರಿಗೆ ಡೆಂಗ್ಯೂ ಖಚಿತವಾದರೆ ಅಲ್ಲಿಯ ಕೆಲಸ ನಿಲ್ಲಿಸಿ ನೀರನ್ನು ತಕ್ಷಣ ತೆಗೆಸಲು ವೈದ್ಯಾಧಿಕಾರಿಯ ಸಹಿಯೇ ಸಾಕು, ಸಮಿತಿಯನ್ನು ಕೇಳಬೇಕಾಗಿಲ್ಲ. ಆದರೆ ಖಚಿತವಾಗಬೇಕಾದರೆ ಜ್ವರ ಇದ್ದವರು ರಕ್ತದ ಮಾದರಿ ಕೊಡಬೇಕು. ಡಾಕ್ಟರಮ್ಮ ಲ್ಯಾಬ್ ಟೆಕ್ನಿಷಿಯನ್ನನ್ನು ಐಸ್ ಡಬ್ಬಿಯೊಂದಿಗೆ ಕರೆದುಕೊಂಡು ಬಂದರು. ಅವರ ಹಿಂದೆಯೇ ಮೇಸ್ತ್ರಿ ಬಂದ.

“ಡೆಂಗ್ಯೂ ಅಂತ ಬಂದ್ರೆ ಕೆಲ್ಸ ನಿಲ್ಲಿಸ್ತೀರಿ ತಾನೆ? ನಿಲ್ಸಿ. ಆಮೇಲೆ ಇವ್ರ ಹೊಟ್ಟೆಗೆ ನೀವ್ ಹಾಕ್ತೀರಾ ಸಾರ್? ದಿನಾ ತಿಥಿ ಮಾಡ್ತೀರಾ?”

ಮಗಳು ತಲೆ ತಗ್ಗಿಸಿದಳು. ಮಾತು ಕೆಟ್ಟದಾಗಿತ್ತು, ಪ್ರಶ್ನೆ ಮಾತ್ರ ಸುಳ್ಳಾಗಿರಲಿಲ್ಲ. ಆ ಗುಂಪಿನವರಿಗೇ ಇದ್ದದ್ದನ್ನು ಇದ್ದಂತೆ ಹೇಳಿದೆ. ರಕ್ತ ಕೊಟ್ಟರೆ ಕೆಲಸ ಕೆಲವು ದಿನ ನಿಲ್ಲಬಹುದು. ಕೊಡದಿದ್ದರೆ ನೀರು ಹಾಗೇ ಇರುತ್ತದೆ, ಇನ್ನಷ್ಟು ಜನ ಮಲಗುತ್ತಾರೆ, ಕೆಲವರಿಗೆ ಇದು ಸುಲಭವಾಗಿ ಹೋಗುವ ಜ್ವರವಲ್ಲ. ಕೂಲಿಯ ಬಗ್ಗೆ ನಾನು ಅಣ್ಣನನ್ನು ಕೇಳಬಲ್ಲೆ, ಕೊಡಿಸುತ್ತೇನೆಂದು ಮಾತು ಕೊಡಲಾರೆ.

ಅವರವರೇ ಮಾತಾಡಿಕೊಂಡರು. ಹಿರಿಯ ಎದ್ದು ಮೊದಲು ತನ್ನ ತೋಳನ್ನೇ ಚಾಚಿದ. “ನನಗೂ ನಿನ್ನೆಯಿಂದ ಮೈ ಬಿಸಿ ಐತ್ರಿ. ಅಕ್ಕಾರಿಗೆ ಚೀಲಗಟ್ಲೆ ಕೊಟ್ಟೇವಿ, ನಿಮಗ ಎರಡು ಹನಿ ಕೊಡಲಾರದ ಇರ್ತೀವೇನು? ತಗೋರಿ.”

ಮರುದಿನ ಸಂಜೆ ಫಲಿತಾಂಶ ಬಂತು. ತೆಗೆದ ಮಾದರಿಗಳಲ್ಲಿ ಹೆಚ್ಚಿನವು ಡೆಂಗ್ಯೂ. ಹಿರಿಯನದೂ ಸೇರಿತ್ತು. ಮರುಬೆಳಿಗ್ಗೆಯೇ ಡಾಕ್ಟರಮ್ಮ ಆದೇಶ ಹಿಡಿದು ಸೈಟಿಗೆ ಹೊರಟರು, ನಾನು ಜೊತೆಗಿದ್ದೆ. ಅಣ್ಣ ಆಗಲೇ ಗೇಟಿನ ಹತ್ತಿರ ನಿಂತಿದ್ದರು. ಡಾಕ್ಟರಮ್ಮನನ್ನು ಬಿಟ್ಟು ನೇರ ನನ್ನ ಕಡೆ ತಿರುಗಿದರು.

“ತಿಥಿ ಊಟ ಹಾಕೋಕ್ ಬಂದು ನನ್ ಸೈಟ್ ಮುಚ್ಚಿಸ್ತೀರಾ ಸಾರ್? ವಾರ ಇನ್ನೂ ಮುಗ್ದಿಲ್ಲ!”

“ವಾರ ಕೊಟ್ಟಿದ್ದು ಲಾರ್ವಾ ಸಿಕ್ಕಿದ್ದಕ್ಕೆ. ಈಗ ಮನುಷ್ಯರಿಗೆ ಬಂದಿದೆ,” ಎಂದರು ಡಾಕ್ಟರಮ್ಮ. “ಇವತ್ತೇ ಪಂಪ್ ಹಾಕ್ಸಿ.”

“ಅಣ್ಣಾ,” ಎಂದೆ ನಾನು. ಆ ಗೇಟಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. “ಕೆಲಸ ನಿಲ್ಲೋಷ್ಟು ದಿನ ಇವರಿಗೆ ಹಾಜರಿ ಹಾಕ್ಸಿ. ಹೋದ ವರ್ಷ ರಕ್ತ ಕೊಟ್ಟ ದಿನದ್ದೇ ಇವರಿಗೆ ಬಿದ್ದಿಲ್ಲ.”

ಅಣ್ಣ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಬೇರೆ ಕಡೆ ನೋಡಿದ.

“ಹಾಕ್ಲಿಲ್ವೇನೋ?”

“ಅವತ್ತು ಕಾಂಕ್ರೀಟ್ ಇತ್ತಣ್ಣ, ಇವ್ರು ಬಿಟ್ಟೋದ್ರು, ಅದ್ಕೆ…”

“ಥೂ ನಿನ್ನ. ಹಾಕು. ಇದನ್ನೂ ಹಾಕು.” ಅಣ್ಣ ನನ್ನ ಮುಖ ನೋಡದೆ ಕಾರು ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಪಂಪ್ ಬಂತು. ಪಂಪ್ ಸಿಗುವುದಕ್ಕೆ ಒಂದು ವಾರ ಬೇಕಾಗಲಿಲ್ಲ.

ಮುಂದಿನ ಸಭೆಗೆ ಆಶಾ ಕಾರ್ಯಕರ್ತೆ ನಮ್ಮ ಬೀದಿಗಳ ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಅಷ್ಟರಲ್ಲಿ ಸೈಟಿನ ಆಸುಪಾಸಿನ ಮನೆಗಳಲ್ಲೂ ಜ್ವರ ಕಾಣಿಸಿಕೊಂಡಿತ್ತು. ಹಾಲ್‌ನಲ್ಲಿ ಕುರ್ಚಿ ಸಾಲದೆ ಹಲವರು ಗೋಡೆಗೆ ಒರಗಿ ನಿಂತಿದ್ದರು. ಮುಖಂಡರು ಒಂದು ನಡುದಾರಿ ಹುಡುಕಿಕೊಂಡು ಬಂದಿದ್ದರು.

“ಜ್ವರ ಬಂದ ಕಡೆ ತಕ್ಷಣ ನೀರು ತೆಗೆಸೋದು. ಉಳಿದ ಕಡೆ ಒಂದು ವಾರ. ಇಬ್ರಿಗೂ ಅನ್ಯಾಯ ಆಗ್ಬಾರ್ದು, ಅಲ್ವಾ?”

ಹೌದೆನ್ನುವಂತೆ ತಲೆಗಳು ಅಲ್ಲಾಡತೊಡಗಿದವು. ಹೋದ ಸಲದಂತೆ ಇದೂ ಮುಗಿದುಹೋಗುತ್ತದೆ ಅನ್ನಿಸಿತು. ಎದ್ದುನಿಂತೆ.

“ಹಾಗಾದ್ರೆ ಮೊದ್ಲು ಯಾರಾದ್ರೂ ಮಲಗ್ಬೇಕು ಸಾರ್. ಯಾರ ಮನೆಯವ್ರು ಮಲಗ್ಬೇಕು ಅಂತ ಅದನ್ನೂ ಬರ್ಸಿ.”

ನನ್ನ ಮನೆಯ ಸಂಗತಿ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಖಂಡರು ಮೆಲ್ಲಗೆ, “ನಿಮ್ ನೋವು ನಮಗೆ ಅರ್ಥ ಆಗುತ್ತೆ. ಆದ್ರೆ ನಿಮ್ ಕಷ್ಟಕ್ಕೆ ಆದೋರು ಇಲ್ಲೇ ಕೂತಿದಾರೆ, ಅವ್ರ ಮುಂದೇನೇ…” ಎಂದರು.

“ಆ ಋಣ ಇದೆ ಸಾರ್. ಅದು ರಕ್ತ ಕೊಟ್ಟೋರದ್ದು. ಅವ್ರು ಆ ಗುಂಡಿ ಪಕ್ಕಾನೇ ಮಲಗೋದು. ಒಂದು ದಿನ ಅಂತ ನಾನು ಕೇಳ್ತಿರೋದು ಮೊದ್ಲು ಅವ್ರಿಗೋಸ್ಕರ.”

ಗೋಡೆಯ ಕಡೆಯಿಂದ ಆಶಾ ಕಾರ್ಯಕರ್ತೆಯ ದನಿ ಬಂತು. “ಮಿಷನ್ ಮೇಲೆಲ್ಲ ಫೋಟೋ ಹಾಕ್ಸಿದೀರಲ್ಲ ಸಾರ್, ಒಂದೊಂದು ಗುಂಡಿ ಹತ್ರಾನೂ ಹಾಕ್ಸಿಬಿಡಿ. ಒಂದು ವಾರ ಟೈಮ್ ಕೊಟ್ಟೋರು ಯಾರು ಅಂತ ವೋಟ್ ಹಾಕೋರ್ಗೂ ಗೊತ್ತಾಗ್ಲಿ.”

ಹೆಂಗಸರು ಜೋರಾಗಿ ನಕ್ಕರು. ಈ ಸಲ ಆ ನಗು ಬೇಗ ನಿಲ್ಲಲಿಲ್ಲ. ಡಾಕ್ಟರಮ್ಮ ತಮ್ಮ ಅಭಿಪ್ರಾಯ ಓದಿ, ಒಂದು ವಾರ ಎಂದು ಇರುವ ಯೋಜನೆಗೆ ತಾವು ಸಹಿ ಹಾಕುವುದಿಲ್ಲ, ಬೇಕಾದರೆ ಸಹಿಯಿಲ್ಲದೆ ವಲಯಕ್ಕೆ ಕಳಿಸಿ ಎಂದರು. ಮುಖಂಡರು ಅಣ್ಣನ ಕಿವಿಯಲ್ಲಿ ಏನೋ ಹೇಳಿದರು. ಅಣ್ಣ ಬೇಡ ಎಂಬಂತೆ ಕೈಯಾಡಿಸಿದರು, ಆಮೇಲೆ ಗೋಡೆಯ ಕಡೆ ಒಮ್ಮೆ ನೋಡಿ ಕೈ ಇಳಿಸಿದರು. ಅಲ್ಲಿ ಅವರ ತಂಗಿಯೂ ನಿಂತಿದ್ದರೆಂದು ಆಮೇಲೆ ತಿಳಿಯಿತು.

“ಸರಿ. ಒಂದು ದಿನ,” ಎಂದರು ಮುಖಂಡರು. “ಈ ಒಂದು ಮಳೆಗಾಲ ನೋಡೋಣ. ನಮ್ ವಾರ್ಡಲ್ಲಿ ಮಾತ್ರ.”

ಮೆಟ್ಟಿಲಿಳಿಯುವಾಗ ಅವರು ನನ್ನ ಪಕ್ಕಕ್ಕೆ ಬಂದರು. “ಎಷ್ಟ್ ಬಾಗ್ಲು ಮುಚ್ಚಿಸಿದ್ರಿ ನಂಗೆ ಇವತ್ತು, ಗೊತ್ತಾ?” ಎಂದರು. ಸಿಟ್ಟಿರಲಿಲ್ಲ, ದಣಿದಿದ್ದರು. “ನಾನ್ ಸೋತ್ರೆ ಬರೋನು ಇನ್ನೂ ದೊಡ್ಡ ಕಡೆಯಿಂದ ದುಡ್ಡು ಇಸ್ಕೊಂಡ್ ಬರ್ತಾನೆ. ಆಗ ನಿಮ್ ಸೌಟು ಹಿಡ್ಕೊಂಡು ಅವನ ಹತ್ರ ಹೋಗಿ.”

“ಹೋಗ್ತೀನಿ ಸಾರ್,” ಎಂದೆ. ಅವರು ಮುಂದೆ ಹೋದರು.

ವಲಯ ಕಚೇರಿಯಿಂದ ನಮ್ಮ ಯೋಜನೆ ಹಾಗೇ ಒಪ್ಪಿಗೆಯಾಗಿ ಬಂತು. ಸುತ್ತಲಿನ ವಾರ್ಡುಗಳದೂ ಬಂತು. ಅಲ್ಲಿಗೂ ಬಿಲ್ಡರುಗಳು ಹೊಗೆಯ ಮಿಷನ್ ಕೊಟ್ಟಿದ್ದರು, ಅಲ್ಲಿ ಎಲ್ಲದರಲ್ಲೂ ಒಂದು ವಾರ ಎಂದೇ ಇತ್ತು. ನಮ್ಮ ವಾರ್ಡಿನ ಗಡಿ ಒಂದು ಮುಖ್ಯರಸ್ತೆ. ಅದರ ಈಚೆ ಲಾರ್ವಾ ಕಂಡರೆ ಮರುದಿನ ನೀರಿರಬಾರದು. ಆಚೆ ಅದು ಹಾರುವವರೆಗೆ ಇರಬಹುದು.

ನಮ್ಮ ಬದಿಯ ಸೈಟುಗಳನ್ನು ಮೊದಲ ಸುತ್ತು ಮುಗಿಸಿದ ದಿನ ನಾನು ಆ ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಹೊಸ ನಿಯಮದಂತೆ ಕೊಟ್ಟ ನೋಟಿಸುಗಳಿಗೆ ಒಬ್ಬರ ಹೊರತು ಎಲ್ಲರೂ ನೀರು ತೆಗೆಸಿದ್ದರು, ಆ ಒಬ್ಬರ ಕೆಲಸ ನಿಂತಿತ್ತು. ಎದುರಿಗೆ, ರಸ್ತೆಯ ಆಚೆ, ಹಸಿರು ಬಲೆ ಹೊದ್ದ ಒಂದು ಕಟ್ಟಡ ನಮ್ಮ ಬೀದಿಗೆ ಮುಖ ಮಾಡಿ ಎದ್ದಿತ್ತು. ನನ್ನ ಜೊತೆಗಿದ್ದ ಆಶಾ ಕಾರ್ಯಕರ್ತೆ, “ಅದು ನಮ್ದಲ್ಲ ಸಾರ್,” ಎಂದಳು.

“ಗೊತ್ತು. ನೀನು ಮನೆಗೆ ಹೋಗಮ್ಮ.”

“ಒಬ್ರೇ ಹೋದ್ರೆ ಒಳಗೆ ಬಿಡಲ್ಲ. ನಾನ್ ಇದ್ರೆ ಜಗಳಕ್ಕಾದ್ರೂ ಹೆದ್ರುತ್ತಾರೆ,” ಎಂದು ಸೆರಗು ಬಿಗಿದುಕೊಂಡಳು.

ಲಾರಿಗಳು ಹೋಗುವವರೆಗೆ ಕಾದು ದಾಟಿದೆವು. ಗೇಟಿನ ವಾಚ್‌ಮನ್ ನನ್ನ ಕೈಯಲ್ಲಿದ್ದ ಸೌಟನ್ನೂ ಕೊರಳಿನ ಗುರುತಿನ ಚೀಟಿಯನ್ನೂ ನೋಡಿದ.

“ಇದು ನಿಮ್ ವಾರ್ಡಾ ಸಾರ್?”

“ಅಲ್ಲಪ್ಪ. ಕೆಲಸ ನಿಲ್ಸೋಕೆ ನಂಗೆ ಇಲ್ಲಿ ಅಧಿಕಾರ ಇಲ್ಲ. ನೀನು ಎಲ್ಲಿ ಮಲಗ್ತೀಯ?”

“ಕೆಳಗೆ, ಬೇಸ್‌ಮೆಂಟಲ್ಲಿ. ಯಾಕೆ ಸಾರ್?”

“ಟಾರ್ಚ್ ಇದೆಯಾ? ಬಾ, ಗುಂಡಿ ತೋರ್ಸು.”